ನಿಮ್ಮ ಪ್ರೊಸೆಸರಿಗೆ ಏನೇನು ಗೊತ್ತಿಲ್ಲ?

ಭಾವನ ಮನೆಯ ಅಟ್ಟ ಖಾಲಿ ಮಾಡುವ ದಿನ ತಳ ಸವೆದ ಹಂಡೆ, ಕಾಲು ಮುರಿದ ತೊಟ್ಟಿಲುಗಳ ಜೊತೆಗೆ ಒಂದು ಕಂಪ್ಯೂಟರೂ ಕೆಳಗಿಳಿಯಿತು. 1999ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಬಿಡಿಭಾಗ ಕೊಂಡು ಜೋಡಿಸಿದ್ದು. ಹಳದಿಗಟ್ಟಿದ ಪೆಟ್ಟಿಗೆ, 64 ಎಂಬಿ ಮೆಮೊರಿ, ಒಳಗೆ ಎಎಂಡಿಯ ಕೆ6-2 ಪ್ರೊಸೆಸರ್. ಪೆಂಟಿಯಂ ಕೈಗೆಟುಕದವರು ಆಗ ಕೊಳ್ಳುತ್ತಿದ್ದ ಚಿಪ್ ಅದು. ‘ಗುಜರಿಯವನಿಗೆ ಹೇಳಿದ್ದೇನೆ’ ಅಂದರು ಭಾವ. ‘ಒಂದು ವಾರ ತಡೆಯಿರಿ’ ಅಂದೆ. ಸ್ವಿಚ್ ಒತ್ತಿದರೆ ಫ್ಯಾನು ಗೊರಗೊರ ಎಂದು ತಿರುಗಿತು, ಒಂದು ಬೀಪ್ ಕೇಳಿಸಿತು. ಯಂತ್ರಕ್ಕೆ ಜೀವವಿತ್ತು.

ಮನೆಯಲ್ಲಿದ್ದ ಲಿನಕ್ಸ್ ಸಿಡಿ ಹಾಕಿದೆ. ಕಪ್ಪು ಪರದೆಯ ಮೇಲೆ ಎರಡೇ ಸಾಲು ಮೂಡಿದವು. ಈ ಕರ್ನಲ್‌ಗೆ ಐ686 ಸಿಪಿಯು ಬೇಕು, ಇಲ್ಲಿ ಸಿಕ್ಕಿದ್ದು ಐ586 ಮಾತ್ರ. ನಿಮ್ಮ ಸಿಪಿಯುಗೆ ತಕ್ಕ ಕರ್ನಲ್ ಬಳಸಿ ಎಂಬುದು ಅದರ ತಾತ್ಪರ್ಯ. ಅಷ್ಟು ಹೇಳಿ ಯಂತ್ರ ನಿಂತಿತು. ನನಗೆ ಬೇಸರವಾಗಲಿಲ್ಲ. ಕಂಪ್ಯೂಟರುಗಳು ಕೊಡುವ ದೂರುಗಳಲ್ಲಿ ಇಷ್ಟು ಸ್ಪಷ್ಟವಾದವು ಅಪರೂಪ. ಏನು ಬೇಕು, ಏನಿದೆ, ಮುಂದೇನು ಮಾಡಬೇಕು, ಮೂರನ್ನೂ ಹೇಳಿತ್ತು. ಮೂರನೆಯದನ್ನು ಮಾಡಲು ಹೊರಟೆ.

ಕರ್ನಲ್ ಅಂದರೆ ತಿರುಳು. ನಾವು ನೋಡುವ ಕಿಟಕಿ, ಬಟನ್ನು, ಬಣ್ಣಗಳೆಲ್ಲ ಹೊರಗಿನ ಸಿಪ್ಪೆ. ಯಾವ ಪ್ರೋಗ್ರಾಮಿಗೆ ಪ್ರೊಸೆಸರ್ ಎಷ್ಟು ಹೊತ್ತು ಸಿಗಬೇಕು, ಯಾರ ಮೆಮೊರಿಯನ್ನು ಯಾರು ಮುಟ್ಟಕೂಡದು, ಡಿಸ್ಕಿನಿಂದ ಯಾವ ತುಂಡನ್ನು ತರಬೇಕು ಎಂಬ ತೀರ್ಮಾನಗಳೆಲ್ಲ ತಿರುಳಿನವು. ಲಿನಕ್ಸ್ ಎಂಬುದು ಸರಿಯಾಗಿ ಹೇಳಬೇಕೆಂದರೆ ಈ ತಿರುಳಿನ ಹೆಸರೇ. ಅದರ ಮೂಲ ಬರಹ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬಹುಪಾಲು ಸಿ ಭಾಷೆಯಲ್ಲಿರುವ ಆ ಬರಹವನ್ನು ಕಂಪೈಲರ್ ಪ್ರೊಸೆಸರಿಗೆ ತಿಳಿಯುವ ಆದೇಶಗಳಾಗಿ ಮಾಡಿಕೊಡುತ್ತದೆ. ಹಾಗೆ ಮಾಡುವ ಮುಂಚೆ ನಾವು ಒಂದಷ್ಟು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಈ ಪ್ರಶ್ನೋತ್ತರವೇ ಕಾನ್ಫಿಗರೇಶನ್.

ಒಂದಷ್ಟು ಎಂದೆ. ನಿಜದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು. ‘ಮೇಕ್ ಮೆನುಕಾನ್ಫಿಗ್’ ಎಂದು ಟೈಪ್ ಮಾಡಿದರೆ ನೀಲಿ ಪರದೆಯ ಮೇಲೆ ಪಟ್ಟಿ ತೆರೆಯುತ್ತದೆ, ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು. ಒಂದೊಂದು ಪ್ರಶ್ನೆಗೂ ಉತ್ತರ ವೈ, ಎಮ್ ಅಥವಾ ಎನ್. ವೈ ಅಂದರೆ ತಿರುಳಿನೊಳಗೇ ಬೆಸೆದುಬಿಡು. ಎಮ್ ಅಂದರೆ ಬೇರೆ ಕಡತವಾಗಿ ಇಡು, ಬೇಕಾದಾಗ ಸೇರಿಸಿಕೊಳ್ಳುತ್ತೇನೆ. ಎನ್ ಅಂದರೆ ಬೇಡ. ಸಹಾಯದ ಗುಂಡಿ ಒತ್ತಿದರೆ ವಿವರಣೆ ಬರುತ್ತದೆ, ಎಷ್ಟೋ ವಿವರಣೆಗಳು ‘ಖಚಿತವಿಲ್ಲದಿದ್ದರೆ ಎನ್ ಅನ್ನಿ’ ಎಂದು ಮುಗಿಯುತ್ತವೆ. ಮನೆಯ ಹಿರಿಯರು ಹೇಳುವಂಥ ಮಾತು. ಹೆಚ್ಚಿನ ಸಲ ಅದನ್ನು ಕೇಳಿದರೆ ಕ್ಷೇಮ.

ಈ ಸಾವಿರಾರು ಪ್ರಶ್ನೆಗಳ ನಡುವೆ ಹಳೆಯ ಯಂತ್ರದವನಿಗೆ ನಿರ್ಣಾಯಕವಾದದ್ದು ಒಂದೇ: ಪ್ರೊಸೆಸರ್ ಕುಟುಂಬ ಯಾವುದು? ಆ ಸಾಲಿನ ಮೇಲೆ ಎಂಟರ್ ಒತ್ತಿದರೆ ಒಂದು ವಂಶಾವಳಿ ಬಿಚ್ಚಿಕೊಳ್ಳುತ್ತದೆ. 486, 586, ಪೆಂಟಿಯಂ ಕ್ಲಾಸಿಕ್, ಪೆಂಟಿಯಂ ಎಂಎಂಎಕ್ಸ್, ಪೆಂಟಿಯಂ ಪ್ರೊ, ಪೆಂಟಿಯಂ 2, 3, 4, ಎಎಂಡಿ ಕೆ6, ಅಥ್ಲಾನ್, ಟ್ರಾನ್ಸ್‌ಮೆಟಾ ಕಂಪನಿಯ ಕ್ರೂಸೋ, ವಿನ್‌ಚಿಪ್, ಸೈರಿಕ್ಸ್, ವಿಯಾ ಸಿ3, ಜಿಯೋಡ್. ಇವುಗಳಲ್ಲಿ ಎಷ್ಟೋ ಹೆಸರು ಈಗಿನ ಹುಡುಗರು ಕೇಳಿರಲಿಕ್ಕಿಲ್ಲ. ಕಂಪನಿಗಳು ಮುಚ್ಚಿದವು, ಚಿಪ್ಪುಗಳು ಗುಜರಿ ಸೇರಿದವು, ಹೆಸರು ಮಾತ್ರ ಈ ಪಟ್ಟಿಯಲ್ಲಿ ಉಳಿಯಿತು.

ಇಲ್ಲಿ ಹೊಸಬರು ತಪ್ಪುವುದು ಒಂದೇ ಕಡೆ. ದೊಡ್ಡದನ್ನು ಆರಿಸಿದರೆ ವೇಗ ಹೆಚ್ಚುತ್ತದೆ ಅಂದುಕೊಳ್ಳುತ್ತಾರೆ. ಈ ಪ್ರಶ್ನೆ ನಿಮ್ಮ ಪ್ರೊಸೆಸರಿಗೆ ಏನು ಗೊತ್ತು ಎಂದು ಕೇಳುತ್ತಿಲ್ಲ. ಏನು ಗೊತ್ತಿಲ್ಲ ಎಂದು ಕೇಳುತ್ತಿದೆ. 1894ರ ಕಿಟ್ಟೆಲ್ ನಿಘಂಟಿನಲ್ಲಿ ‘ಮೊಬೈಲು’ ಹುಡುಕಿದರೆ ಸಿಗದು. ಆದರೆ ಕಿಟ್ಟೆಲ್ ಕೊಟ್ಟ ಪದಗಳನ್ನು ಮಾತ್ರ ಬಳಸಿ ಇವತ್ತು ಪತ್ರ ಬರೆದರೆ ನಿಮಗೂ ನನಗೂ ಅರ್ಥವಾಗುತ್ತದೆ. ಎಕ್ಸ್86 ಚಿಪ್ಪುಗಳ ಕಥೆಯೂ ಇದೇ. ಹೊಸ ಚಿಪ್ಪಿಗೆ ಹಳೆಯ ಆದೇಶಗಳೆಲ್ಲ ಬರುತ್ತವೆ, ಹಳೆಯ ಚಿಪ್ಪಿಗೆ ಹೊಸ ಆದೇಶ ಬರುವುದಿಲ್ಲ. 486ಕ್ಕೆಂದು ಕಟ್ಟಿದ ಕರ್ನಲ್ ಪೆಂಟಿಯಂ 4ರಲ್ಲಿ ಓಡುತ್ತದೆ, ತುಸು ನಿಧಾನವಾಗಿ. ಪೆಂಟಿಯಂ 4ಕ್ಕೆಂದು ಕಟ್ಟಿದ್ದು 486ರಲ್ಲಿ ಏಳುವುದೇ ಇಲ್ಲ.

ನನ್ನ ಕೆ6-2ಕ್ಕೆ ಗೊತ್ತಿಲ್ಲದ ಪದ ಸಿಮೂವ್. 1995ರ ಪೆಂಟಿಯಂ ಪ್ರೊ, ಅಂದರೆ 686 ತಲೆಮಾರಿನ ಜೊತೆ ಬಂದ ಆದೇಶ ಅದು. ಎರಡು ಸಂಖ್ಯೆಯಲ್ಲಿ ದೊಡ್ಡದನ್ನು ಇಟ್ಟುಕೋ ಎಂದು ಪ್ರೋಗ್ರಾಮ್ ಹೇಳಿತು ಅನ್ನಿ. ಹಳೆಯ ರೀತಿಯಲ್ಲಿ ಪ್ರೊಸೆಸರ್ ಹೋಲಿಸಿ ನೋಡಬೇಕು, ಉತ್ತರ ಹೌದಾದರೆ ಒಂದು ಕಡೆ, ಅಲ್ಲವಾದರೆ ಇನ್ನೊಂದು ಕಡೆ ಜಿಗಿಯಬೇಕು. ಪ್ರೊಸೆಸರಿನೊಳಗೆ ಆದೇಶಗಳು ಸಾಲಾಗಿ ಬರುತ್ತಿರುತ್ತವೆ. ಕವಲು ಬಂದಾಗ ಅದು ಯಾವುದೋ ಒಂದು ದಾರಿಯನ್ನು ಊಹಿಸಿ ಮುಂದುವರಿಯುತ್ತದೆ. ಊಹೆ ತಪ್ಪಿದರೆ ಮಾಡಿದ್ದನ್ನೆಲ್ಲ ಚೆಲ್ಲಿ ವಾಪಸು ಬರಬೇಕು. ಸಿಮೂವ್ ಕವಲನ್ನೇ ತಪ್ಪಿಸುತ್ತದೆ: ಷರತ್ತು ನಿಜವಾದರೆ ಈ ಬೆಲೆಯನ್ನು ಅಲ್ಲಿಗೆ ಸಾಗಿಸು, ಇಲ್ಲವಾದರೆ ಸುಮ್ಮನಿರು. ಜಿಗಿತವೂ ಇಲ್ಲ, ಊಹೆಯೂ ಇಲ್ಲ. ಕಂಪೈಲರುಗಳಿಗೆ ಇದು ಬಲು ಇಷ್ಟವಾಯಿತು, ಎಲ್ಲೆಂದರಲ್ಲಿ ಬಳಸತೊಡಗಿದವು. 1998ರ ಕೆ6-2ಕ್ಕೆ ಮೂರು ಆಯಾಮದ ಚಿತ್ರಗಳಿಗಾಗಿ 3ಡಿನೌ ಎಂಬ ಹೊಸ ಆದೇಶಗಳ ಕಂತೆಯೇ ಬಂದಿತ್ತು, ಈ ಒಂದು ಬಂದಿರಲಿಲ್ಲ. ಮರುವರ್ಷದ ಅಥ್ಲಾನ್‌ಗೆ ಬಂತು. ವಿಯಾ ಸಿ3ರ ಮೊದಲ ಮಾದರಿಗಳಿಗೂ ಇದೇ ಕೊರತೆ. ಒಂದೇ ಒಂದು ಆದೇಶ ಗೊತ್ತಿಲ್ಲದ್ದಕ್ಕೆ ಇವೆಲ್ಲ 586ರ ಪಂಕ್ತಿಯಲ್ಲಿ ಉಳಿದವು.

ಕುಟುಂಬದ ಆಯ್ಕೆ ಬರೀ ಶಬ್ದಸಂಪತ್ತಿನ ಲೆಕ್ಕವಲ್ಲ, ರೋಗದ ದಾಖಲೆಯೂ ಹೌದು. 1997ರಲ್ಲಿ ಇಂಟೆಲ್‌ನ ಪೆಂಟಿಯಂನಲ್ಲಿ ಎಫ್00ಎಫ್ ಎಂಬ ದೋಷ ಬಯಲಾಯಿತು. ನಾಲ್ಕು ಬೈಟಿನ ಒಂದು ಅಡ್ಡಾದಿಡ್ಡಿ ಆದೇಶವನ್ನು ಯಾವ ಸಾಮಾನ್ಯ ಬಳಕೆದಾರ ಓಡಿಸಿದರೂ ಇಡೀ ಯಂತ್ರ ಕಲ್ಲಾಗಿಬಿಡುತ್ತಿತ್ತು. ಸ್ವಿಚ್ ಆರಿಸಿ ಹಾಕುವುದೇ ಗತಿ. ಲಿನಕ್ಸ್‌ನಲ್ಲಿ ಅದಕ್ಕೆ ಮದ್ದು ಬರೆದರು. ಮೆನುವಿನಲ್ಲಿ ನೀವು 486 ಅಥವಾ ಪೆಂಟಿಯಂ ಆರಿಸಿದರೆ ಆ ಮದ್ದು ತಾನಾಗಿ ಸೇರುತ್ತದೆ. ಕೆ6 ಆರಿಸಿದರೆ ಸೇರುವುದಿಲ್ಲ, ಕೆ6ಕ್ಕೆ ಆ ರೋಗವಿಲ್ಲ.

ಹಾಗೆಂದು ಕೆ6 ವಂಶ ಆರೋಗ್ಯವಂತ ಎಂದಲ್ಲ. ಕರ್ನಲ್ ಮೂಲ ಬರಹದಲ್ಲಿ ಎಎಂಡಿ ಚಿಪ್ಪುಗಳ ಕಡತವನ್ನು ತೆರೆದು ಓದುತ್ತಿದ್ದಾಗ ನನಗೆ ಸಿಕ್ಕ ತುಣುಕೊಂದು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಮೊದಲ ಕೆ6ಗಳ ಒಂದು ಕಂತಿನಲ್ಲಿ 32 ಎಂಬಿಗಿಂತ ಹೆಚ್ಚು ಮೆಮೊರಿ ಹಾಕಿದರೆ ಯಂತ್ರ ಎಡವುವ ದೋಷವಿತ್ತು. ಎಎಂಡಿ ಅದನ್ನು ಸರಿಪಡಿಸಿತು. ತೊಂದರೆಯೆಂದರೆ ಸರಿಪಡಿಸಿದ ಚಿಪ್ಪೂ ಕೆಟ್ಟ ಚಿಪ್ಪೂ ತಮ್ಮ ಹೆಸರನ್ನು ಒಂದೇ ರೀತಿ ಹೇಳಿಕೊಳ್ಳುತ್ತಿದ್ದವು. ಬೇರ್ಪಡಿಸುವುದು ಹೇಗೆ? ರಿಪೇರಿಯ ಜೊತೆಗೇ ಒಂದು ಬಗೆಯ ಕರೆಗಳು ವೇಗವಾಗಿದ್ದನ್ನು ಯಾರೋ ಗಮನಿಸಿದರು. ಹಾಗಾಗಿ ಕರ್ನಲ್ ಏಳುವಾಗ ಅಂಥ ಕರೆಯನ್ನು ಹತ್ತು ಲಕ್ಷ ಸಲ ಮಾಡಿ, ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದು, ನಿಧಾನವಾದರೆ ಎಚ್ಚರಿಕೆ ಬರೆಯುತ್ತದೆ. ಮಡಕೆ ಕೊಳ್ಳುವಾಗ ತಟ್ಟಿ ಸದ್ದು ಕೇಳುತ್ತಾರಲ್ಲ, ಹಾಗೆ. ನನ್ನದು ಕೆ6-2 ಆದ್ದರಿಂದ ಆ ಪರೀಕ್ಷೆ ಅದಕ್ಕೆ ಅನ್ವಯಿಸಲಿಲ್ಲ.

ತಟ್ಟಿ ನೋಡುವ ಈ ಬುದ್ಧಿ ಇನ್ನೂ ಹಳೆಯದು. ಈಗಿನ ಪ್ರೊಸೆಸರಿಗೆ ಸಿಪಿಯುಐಡಿ ಎಂಬ ಆದೇಶ ಕೊಟ್ಟರೆ ತನ್ನ ಕುಲಗೋತ್ರ ಒಪ್ಪಿಸುತ್ತದೆ. ಮೊದಲ 486ಗಳಿಗೆ ಆ ಆದೇಶ ಬಾರದು, 386ಕ್ಕಂತೂ ಇಲ್ಲವೇ ಇಲ್ಲ. ಹೆಸರು ಹೇಳಲು ಬಾರದವನನ್ನು ಗುರುತಿಸಲು ಕರ್ನಲ್ ಒಂದು ಉಪಾಯ ಮಾಡುತ್ತದೆ: ಪ್ರೊಸೆಸರಿನ ಸ್ಥಿತಿಪಟ್ಟಿಯಲ್ಲಿ 18ನೇ ಬಿಟ್ಟನ್ನು ಬದಲಿಸಿ ನೋಡುವುದು. ಬದಲಾಗಲಿಲ್ಲವೋ, 386. ಬದಲಾದರೆ 21ನೇ ಬಿಟ್ಟನ್ನು ಬದಲಿಸಿ ನೋಡುವುದು. ಅದೂ ಬದಲಾದರೆ ಸಿಪಿಯುಐಡಿ ಬರುವ ಚಿಪ್ ಎಂದು ತಿಳಿದು ಮುಂದಿನ ಪ್ರಶ್ನೆ ಕೇಳುವುದು. ನನ್ನ ಪರದೆಯ ಮೇಲೆ ಮೂಡಿದ ಆ ಎರಡು ಸಾಲು ಇಂಥ ತಪಾಸಣೆಯ ಫಲವೇ. ಕರ್ನಲ್ ಪೂರ್ತಿ ಏಳುವ ಮೊದಲೇ, ಪ್ರೊಸೆಸರ್ ಇನ್ನೂ 16 ಬಿಟ್‌ನ ಶೈಶವದಲ್ಲಿರುವಾಗಲೇ ಅದು ನಡೆದುಹೋಗಿರುತ್ತದೆ.

386ರ ಮಾತು ಬಂದಮೇಲೆ ಆ ಕಥೆಯನ್ನೂ ಹೇಳಬೇಕು. ಲಿನಕ್ಸ್ ಹುಟ್ಟಿದ್ದೇ 386ರ ಮೇಲೆ. 1991ರ ಜನವರಿಯಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 33 ಮೆಗಾಹರ್ಟ್ಸ್‌ನ 386 ಯಂತ್ರ ಕೊಂಡ, ನಾಲ್ಕು ಎಂಬಿ ಮೆಮೊರಿಯದು. ಅದರ ಒಳಗುಟ್ಟು ತಿಳಿಯಲೆಂದು ಬರೆಯಲು ಹೊರಟದ್ದು ಕರ್ನಲ್ ಆಯಿತು. ಆ ಆಗಸ್ಟಿನಲ್ಲಿ ಅದನ್ನು ಜಗತ್ತಿಗೆ ತಿಳಿಸುವಾಗ, ಇದು 386ಕ್ಕೇ ಅಂಟಿಕೊಂಡದ್ದು, ಬೇರೆ ಯಂತ್ರಕ್ಕೆ ಒಯ್ಯಲಾಗದು ಎಂದೇ ಹೇಳಿದ್ದ. ಇಪ್ಪತ್ತೊಂದು ವರ್ಷದ ಬಳಿಕ, 2012ರ ಡಿಸೆಂಬರಿನಲ್ಲಿ ಇಂಗೋ ಮೋಲ್ನಾರ್ ಎಂಬ ಹಿರಿಯ ಡೆವಲಪರ್ ಅದೇ 386ರ ಬೆಂಬಲವನ್ನು ಕಿತ್ತುಹಾಕುವ ಬದಲಾವಣೆ ಕಳಿಸಿದ. ನಿಮ್ಮ ಮೊದಲ ಯಂತ್ರ ಇನ್ನು ಹೊಸ ಕರ್ನಲ್ ಏಳಿಸಲಾರದು ಎಂದು ಲಿನಸ್‌ಗೆ ಸಂತಾಪವನ್ನೂ ಸೂಚಿಸಿದ. ನನಗೆ ಅಂಥ ಭಾವುಕತೆಯಿಲ್ಲ, ತೊಲಗಲಿ ಎಂಬರ್ಥದ ಉತ್ತರ ಬಂತು. 2013ರ ಫೆಬ್ರವರಿಯಲ್ಲಿ ಹೊರಬಂದ 3.8ರಿಂದ 386 ಮೆನುವಿನಲ್ಲಿಲ್ಲ.

ಕಿತ್ತದ್ದು ಕೆಲವೇ ನೂರು ಸಾಲು. ಅಷ್ಟಕ್ಕೇ ಇಷ್ಟು ಖುಷಿ ಏಕೆ? 386ಕ್ಕೆ ಗೊತ್ತಿಲ್ಲದ್ದು ಅಷ್ಟು ಪೀಡಿಸುವಂಥದ್ದು.

ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಮ್ ತನ್ನ ನಕಲನ್ನು ಹುಟ್ಟಿಸಿದಾಗ ಅದರ ಮೆಮೊರಿಯನ್ನೆಲ್ಲ ಕೂಡಲೇ ನಕಲು ಮಾಡುವುದಿಲ್ಲ. ಇಬ್ಬರೂ ಒಂದೇ ಪುಟವನ್ನು ಹಂಚಿಕೊಳ್ಳುತ್ತಾರೆ, ಪುಟಕ್ಕೆ ‘ಓದಲು ಮಾತ್ರ’ ಎಂಬ ಮುದ್ರೆ ಬೀಳುತ್ತದೆ. ಯಾರಾದರೂ ಬರೆಯಲು ಕೈ ಹಾಕಿದಾಗ ಪ್ರೊಸೆಸರ್ ತಡೆದು ಕರ್ನಲ್‌ಗೆ ದೂರು ಕೊಡುತ್ತದೆ, ಆಗ ಬೇರೆ ಪ್ರತಿ ಮಾಡಿಕೊಡಲಾಗುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯಂತೆ, ಜಗಳ ಬಂದಾಗ ಮಾತ್ರ ಪಾಲು. 386ರ ಕೊರತೆ ಏನೆಂದರೆ, ಕರ್ನಲ್ ತಾನೇ ಬರೆಯುವಾಗ ಈ ಮುದ್ರೆಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಯಜಮಾನ ಬಂದರೆ ಕಾವಲುಗಾರ ಎದ್ದು ಬಾಗಿಲು ತೆಗೆಯುವಂತೆ. ಡಿಸ್ಕಿನಿಂದ ಓದಿದ್ದನ್ನು ಬಳಕೆದಾರನ ಪುಟಕ್ಕೆ ಹಾಕುವುದು ಕರ್ನಲ್ಲೇ ತಾನೆ? ಹಂಚಿಕೊಂಡ ಪುಟವಾಗಿದ್ದರೆ ಒಬ್ಬನಿಗೆಂದು ಬರೆದದ್ದು ಇನ್ನೊಬ್ಬನ ಪುಟದಲ್ಲೂ ಕಾಣಿಸಿಬಿಡುತ್ತದೆ. ಹಾಗಾಗಿ ಪ್ರತಿ ಬರಹದ ಮುಂಚೆ ಪುಟವನ್ನು ಕೈಯಾರೆ ಪರೀಕ್ಷಿಸುವ ಕೋಡು ಬೇಕಾಯಿತು. 486ರಲ್ಲಿ ಇಂಟೆಲ್ ಇದನ್ನು ಸರಿಪಡಿಸಿತು.

ಇದರ ಜೊತೆ ಕಂಪೇರ್-ಎಕ್ಸ್‌ಚೇಂಜ್ ಎಂಬ ಆದೇಶವೂ 386ರಲ್ಲಿಲ್ಲ. ‘ಈ ಜಾಗದಲ್ಲಿ ನಾನೆಣಿಸಿದ ಬೆಲೆಯೇ ಇದ್ದರೆ ಮಾತ್ರ ಹೊಸ ಬೆಲೆ ಇಡು’ ಎಂಬುದನ್ನು ಯಾರೂ ನಡುವೆ ತೂರದಂತೆ ಒಂದೇ ಏಟಿಗೆ ಮಾಡುವ ಆದೇಶ. ಈಗಿನ ಕರ್ನಲ್‌ನ ಬೀಗಗಳು, ಎಣಿಕೆಗಳು ಇದರ ಮೇಲೆಯೇ ನಿಂತಿವೆ. 386ರಲ್ಲಿ ಇಂಟರಪ್ಟುಗಳನ್ನೆಲ್ಲ ಕ್ಷಣಕಾಲ ಬಾಯಿ ಮುಚ್ಚಿಸಿ ಇದನ್ನು ನಟಿಸಬೇಕಿತ್ತು. ಹೊಸ ಬೀಗದ ವಿನ್ಯಾಸ ಬರೆಯುವವನು ಪ್ರತಿ ಸಲವೂ, 386 ಇದ್ದರೆ ಏನು ಗತಿ ಎಂದು ನಿಂತು ಯೋಚಿಸಬೇಕಿತ್ತು. ಹೊರೆ ಆ ಕೆಲವು ನೂರು ಸಾಲಿನದಲ್ಲ, ಈ ನಿಂತು ಯೋಚಿಸುವುದರದು. ಕಿತ್ತದ್ದು ಸರಿ ಎಂದೇ ನನ್ನ ಅಭಿಪ್ರಾಯ, ಹಳೆಯ ಯಂತ್ರದ ಮೋಹ ಎಷ್ಟೇ ಇದ್ದರೂ.

486ಕ್ಕೂ 2025ರಲ್ಲಿ ಅದೇ ಗಳಿಗೆ ಸಮೀಪಿಸಿತು. ಅದರ ಅಗ್ಗದ ತಮ್ಮ 486 ಎಸ್‌ಎಕ್ಸ್‌ಗೆ ದಶಮಾಂಶದ ಲೆಕ್ಕ ಬಾರದು, ಆ ಘಟಕವೇ ಅದರಲ್ಲಿಲ್ಲ. ಮೆನುವಿನಲ್ಲಿ ಗಣಿತದ ಅನುಕರಣೆಗೆ ವೈ ಎಂದರೆ, ಆಸ್ಟ್ರೇಲಿಯಾದ ಬಿಲ್ ಮೆಟ್ಜೆಂಥನ್ ಎಂಬವರು ಬರೆದಿಟ್ಟ ಕೋಡು ಆ ಘಟಕದ ವೇಷ ಹಾಕಿ ಕೂರುತ್ತದೆ. ಆ ವೇಷವೇ ಸಾವಿರಾರು ಸಾಲು. 486ಕ್ಕೆ ಕಾಲ ಅಳೆಯುವ ಟಿಎಸ್‌ಸಿ ಗಡಿಯಾರವೂ ಇಲ್ಲ, 64 ಬಿಟ್‌ನ ಕಂಪೇರ್-ಎಕ್ಸ್‌ಚೇಂಜೂ ಇಲ್ಲ. ಎರಡೂ 1993ರ ಪೆಂಟಿಯಂನೊಂದಿಗೆ ಬಂದವು. 2022ರಲ್ಲೇ ಲಿನಸ್, ಮ್ಯೂಸಿಯಂ ವಸ್ತು ಇಟ್ಟುಕೊಂಡವರು ಮ್ಯೂಸಿಯಂ ಕರ್ನಲ್ ಓಡಿಸಲಿ ಎಂಬರ್ಥದ ಮಾತಾಡಿದ್ದ. 2025ರ ಏಪ್ರಿಲಿನಲ್ಲಿ 486 ಮತ್ತು ಈ ಎರಡು ಬಾರದ ಆರಂಭದ 586ಗಳನ್ನು ತೆಗೆಯುವ ಪ್ರಸ್ತಾವವನ್ನು ಮೋಲ್ನಾರನೇ ಮುಂದಿಟ್ಟ. ನನ್ನ ಕೆ6ಕ್ಕೆ ಎರಡೂ ಬರುತ್ತವೆ. ಗೆರೆಯ ಈಚೆ ಉಳಿದ ಸಮಾಧಾನ ನನ್ನದು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಚಿಪ್ಪುಗಳ ನಡುವೆ, ಗೊತ್ತಿದ್ದೂ ಹೇಳದ ಒಂದಿದೆ. 2003ರ ಪೆಂಟಿಯಂ ಎಮ್, ಲ್ಯಾಪ್‌ಟಾಪಿನ ಚಿಪ್. ನಾಲ್ಕು ಜಿಬಿಗಿಂತ ಹೆಚ್ಚು ಮೆಮೊರಿಯನ್ನು ತಲುಪುವ ಪಿಎಇ ಎಂಬ ಸೌಲಭ್ಯ ಅದರ ಮೊದಲ ಮಾದರಿಗಳಲ್ಲಿ ಕೆಲಸ ಮಾಡುತ್ತದೆ, ಆದರೆ ಕೇಳಿದರೆ ಇದೆ ಎಂದು ಒಪ್ಪುವುದಿಲ್ಲ. 2012ರಲ್ಲಿ ಉಬುಂಟು ಎಂಬ ಲಿನಕ್ಸ್ ವಿತರಣೆ ಪಿಎಇ ಇಲ್ಲದ ಕರ್ನಲ್ ಕೊಡುವುದನ್ನು ನಿಲ್ಲಿಸಿದಾಗ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪುಗಳು ಬಾಗಿಲಲ್ಲೇ ನಿಂತವು. ಕೊನೆಗೆ ‘ಫೋರ್ಸ್‌ಪಿಎಇ’ ಎಂಬ ಆಯ್ಕೆ ಸೇರಿಸಿದರು. ಚಿಪ್ ಇಲ್ಲ ಎಂದರೂ ಇದೆ ಎಂದುಕೊಂಡು ಮುಂದೆ ಹೋಗು, ಹೊಣೆ ನನ್ನದು ಎಂದು ಯಂತ್ರದ ಒಡೆಯ ಬರೆದುಕೊಟ್ಟಂತೆ.

ಸರಿ, ಕೆಲಸಕ್ಕೆ ಬರೋಣ. ಹಳೆಯ ಯಂತ್ರದ ಕರ್ನಲ್ಲನ್ನು ಹಳೆಯ ಯಂತ್ರದಲ್ಲೇ ಕಟ್ಟುವ ಹಟ ಬೇಡ. 64 ಎಂಬಿಯಲ್ಲಿ ರಾತ್ರಿಯಿಡೀ ಡಿಸ್ಕು ಕಿರುಗುಟ್ಟಿದರೂ ಮುಗಿಯುವ ಖಾತರಿಯಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಏಳೆಂಟು ನಿಮಿಷದ ಕೆಲಸ ಅದು. ಆರ್ಕ್ ಎಂಬಲ್ಲಿ ಐ386 ಎಂದು ಬರೆದು ಮೆನು ತೆರೆದರೆ ಆಯಿತು. 386 ಸತ್ತರೂ ಅದರ ಹೆಸರು ಇಡೀ 32 ಬಿಟ್ ವಂಶಕ್ಕೆ ಮನೆತನದ ಹೆಸರಾಗಿ ಉಳಿದಿರುವುದನ್ನು ಗಮನಿಸಿ. ಕುಟುಂಬ ಕೆ6. ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಇವೆಯೇ ಎಂದರೆ ಎನ್; ಒಬ್ಬನೇ ಇರುವ ಮನೆಯಲ್ಲಿ ಕೋಣೆಕೋಣೆಗೂ ಬೀಗ ಏಕೆ, ಎಷ್ಟೋ ಬೀಗಗಳು ಕಂಪೈಲಾಗುವಾಗಲೇ ಮಾಯವಾಗುತ್ತವೆ. ಹೈಮೆಮೊರಿ ಎನ್, ಸುಮಾರು 896 ಎಂಬಿವರೆಗೆ ಅದರ ಅಗತ್ಯವೇ ಬೀಳದು. ಗಣಿತದ ವೇಷ ಎನ್. 2018ರಲ್ಲಿ ಜಗತ್ತನ್ನು ನಡುಗಿಸಿದ ಮೆಲ್ಟ್‌ಡೌನ್, ಸ್ಪೆಕ್ಟರ್‌ ಎಂಬ ಪ್ರೊಸೆಸರ್ ದೋಷಗಳ ಮದ್ದನ್ನೂ ಬಿಟ್ಟೆ. ಈ ಯಂತ್ರ ಇಂಟರ್ನೆಟ್ಟಿಗೆ ಹೋಗುವುದಿಲ್ಲ. ಹೋಗುವ ಯಂತ್ರದಲ್ಲಿ ಹಾಗೆ ಮಾಡಬೇಡಿ.

ನಾನು ಎಡವಿದ್ದು ಡಿಸ್ಕಿನಲ್ಲಿ. ಹಳೆಯ ಟಿಪ್ಪಣಿಗಳೆಲ್ಲ ಐಡಿಇ ವಿಭಾಗಕ್ಕೆ ಹೋಗಿ ಎನ್ನುತ್ತವೆ. ಹುಡುಕಿದರೆ ಆ ವಿಭಾಗವೇ ಇಲ್ಲ, 2021ರ 5.14ರಲ್ಲಿ ಅದನ್ನು ತೆಗೆದಿದ್ದಾರೆ. ಐಡಿಇ ಡಿಸ್ಕುಗಳ ಯೋಗಕ್ಷೇಮ ಈಗ ಲಿಬ್‌ಎಟಿಎ ವಿಭಾಗದ್ದು. ಅಲ್ಲಿ ನನ್ನ ಮದರ್‌ಬೋರ್ಡಿನ ವಿಯಾ ಚಿಪ್‌ಸೆಟ್ಟಿನ ಚಾಲಕ ಸಿಕ್ಕಿತು, ಎಮ್ ಒತ್ತಿ ಮುಂದೆ ಹೋದೆ. ಅದೇ ತಪ್ಪು. ಡಿಸ್ಕನ್ನು ಓದುವ ಚಾಲಕ ಪ್ರತ್ಯೇಕ ಕಡತವಾಗಿ ಆ ಡಿಸ್ಕಿನ ಮೇಲೆಯೇ ಕುಳಿತರೆ ಕರ್ನಲ್ ಅದನ್ನು ಓದುವುದು ಹೇಗೆ? ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ್ದೆ. ರೂಟ್ ಫೈಲ್‌ಸಿಸ್ಟಂ ಸಿಗುತ್ತಿಲ್ಲ ಎಂದು ಕರ್ನಲ್ ಕಂಗಾಲಾಗಿ ನಿಂತಿತು. ಇದಕ್ಕೆ ಎರಡು ದಾರಿ: ಚಾಲಕಗಳ ಗಂಟೊಂದನ್ನು ಕರ್ನಲ್ ಜೊತೆಗೇ ಮೆಮೊರಿಗೆ ತರುವುದು, ಅಥವಾ ವೈ ಒತ್ತಿ ಬೆಸೆದುಬಿಡುವುದು. ಮೆಮೊರಿ ಕಡಿಮೆ ಇರುವಲ್ಲಿ ಎರಡನೆಯದೇ ಸಲೀಸು. ಚಾಲಕ, ಅದರ ಮೇಲಿನ ಡಿಸ್ಕಿನ ಪದರ, ಫೈಲ್‌ಸಿಸ್ಟಂ, ಮೂರಕ್ಕೂ ವೈ. ಮತ್ತೆ ನಿಂತಿತು. ಡಿಸ್ಕಿನ ಹೆಸರನ್ನು ಹಳೆಯ ರೂಢಿಯಂತೆ ಎಚ್‌ಡಿಎ ಎಂದು ಕೊಟ್ಟಿದ್ದೆ. ಹೊಸ ವಿಭಾಗದಲ್ಲಿ ಅದು ಎಸ್‌ಡಿಎ. ಒಂದಕ್ಷರಕ್ಕೆ ಒಂದು ಸಂಜೆ ಹೋಯಿತು.

ಮೂರನೆಯ ಸಲ ಎದ್ದಿತು. ಎದ್ದು, ಮೊದಲ ಪ್ರೋಗ್ರಾಮಿಗೇ ‘ಅಕ್ರಮ ಆದೇಶ’ ಎಂದು ಬಿತ್ತು. ತಿರುಳನ್ನೇನೋ ಕೆ6ಕ್ಕೆಂದು ಕಟ್ಟಿದೆ, ಅದರ ಮೇಲಿಟ್ಟ ಸಿಪ್ಪೆಯನ್ನು ಯಾರೋ 686ಕ್ಕೆಂದು ಕಟ್ಟಿದ್ದರು. ಪ್ರೋಗ್ರಾಮುಗಳೂ ಅದೇ ಸಿಮೂವ್ ಬಳಸುತ್ತವಲ್ಲ! ಡೆಬಿಯನ್ ಎಂಬ ಲಿನಕ್ಸ್ ವಿತರಣೆ 2017ರ ಒಂಬತ್ತನೇ ಆವೃತ್ತಿಯಿಂದ 586ಗಳನ್ನು ಕೈಬಿಟ್ಟಿದೆ. 2025ರ ಹದಿಮೂರನೆಯದರಲ್ಲಿ 32 ಬಿಟ್ ಪೀಸಿಗಳಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಕೊನೆಗೆ ಬಿಲ್ಡ್‌ರೂಟ್ ಎಂಬ ಸಲಕರಣೆ ಹಿಡಿದೆ. ಅದೂ ಕರ್ನಲ್ ಬಳಗದ್ದೇ ಮೆನು ಬಳಸುತ್ತದೆ, ಅದರ ಪಟ್ಟಿಯಲ್ಲೂ ಕೆ6-2 ಇದೆ. ಕಂಪೈಲರಿನಿಂದ ಹಿಡಿದು ಸಣ್ಣಪುಟ್ಟ ಆದೇಶಗಳ ತನಕ ಎಲ್ಲವನ್ನೂ ಆ ಚಿಪ್ಪಿಗೆಂದೇ ಕಟ್ಟಿಕೊಟ್ಟಿತು. ನಾಲ್ಕನೆಯ ಸಲ ಲಾಗಿನ್ ಕೇಳಿತು. ಭಾವನನ್ನು ಕರೆದು ತೋರಿಸಿದೆ. ಕಪ್ಪು ಪರದೆಯನ್ನೂ ಮಿಣುಕುವ ಗೆರೆಯನ್ನೂ ನೋಡಿ, ‘ಇಷ್ಟಕ್ಕೇ ಒಂದು ವಾರವೇ?’ ಅಂದರು.

ಹಳೆಯದೆಲ್ಲ ಹೀಗೆ ಒಂದೊಂದಾಗಿ ಉದುರುವುದು ವಯಸ್ಸಿನ ಲೆಕ್ಕದಲ್ಲಿ ಅಂದುಕೊಂಡರೆ ತಪ್ಪು. ಇಂಟೆಲ್ 2001ರಲ್ಲಿ ಮಾರುಕಟ್ಟೆಗೆ ತಂದ ಇಟಾನಿಯಂ, ಸರ್ವರ್ ಜಗತ್ತನ್ನೇ ಆಳುತ್ತದೆ ಎಂದು ಹೇಳಿದ್ದ 64 ಬಿಟ್ ಚಿಪ್. 2024ರ ಜನವರಿಯಲ್ಲಿ ಬಂದ 6.7ರಲ್ಲಿ ಅದರ ಹೆಸರಿಲ್ಲ. 1989ರ 486 ಆಗ ಇನ್ನೂ ಮೆನುವಿನಲ್ಲೇ ಇತ್ತು. 2018ರ 4.17ರಲ್ಲಿ ಬ್ಲ್ಯಾಕ್‌ಫಿನ್, ಟೈಲ್ ಮೊದಲಾದ ಎಂಟು ಆರ್ಕಿಟೆಕ್ಚರುಗಳನ್ನು ಒಟ್ಟಿಗೇ ತೆಗೆದರು. ಮೊಟೊರೋಲಾ 68000 ಹುಟ್ಟಿದ್ದು 1979ರಲ್ಲಿ. ಆ ವಂಶದ ಅಮಿಗಾ, ಅಟಾರಿ, ಹಳೆಯ ಮ್ಯಾಕ್‌ಗಳಿಗೆ ಲಿನಕ್ಸ್ ಬೆಂಬಲ ಇಂದಿಗೂ ಇದೆ. ಗೀರ್ಟ್ ಉಯ್ಟರ್‌ಹೂವನ್ ಎಂಬ ಬೆಲ್ಜಿಯಂನ ಡೆವಲಪರ್ ಹಲವು ದಶಕಗಳಿಂದ ಅದರ ಹಿಂದಿದ್ದಾರೆ, ಏನಾದರೂ ಮುರಿದರೆ ಉತ್ತರ ಕೊಡುತ್ತಾರೆ. ಇಟಾನಿಯಂಗೆ ಹಾಗೆ ಕೇಳುವವರು ಉಳಿಯಲಿಲ್ಲ. ಕರ್ನಲ್‌ನಲ್ಲಿ ಚಿಪ್ ಬದುಕುವುದು ಅದನ್ನು ಇಂದಿಗೂ ಸ್ವಿಚ್ ಹಾಕಿ ನೋಡುವ, ಕೆಟ್ಟರೆ ಬರೆದು ತಿಳಿಸುವ ಮನುಷ್ಯ ಇರುವಷ್ಟು ದಿನ.

ಕಂಪೈಲರ್ ಕೈಬಿಟ್ಟರೂ ಪೇಚು. ಬ್ರಿಟನ್ನಿನ ಏಕಾರ್ನ್ ಕಂಪನಿಯ ರಿಸ್ಕ್ ಪಿಸಿ ಎಂಬ ಯಂತ್ರದಲ್ಲಿ ಸ್ಟ್ರಾಂಗ್‌ಆರ್ಮ್ ಚಿಪ್ಪು ಕೂರುತ್ತಿತ್ತು. ಚಿಪ್ಪಿಗೆ 16 ಬಿಟ್‌ನ ತುಂಡುಗಳನ್ನು ಓದಿ ಬರೆಯಲು ಬರುತ್ತದೆ, ಅದನ್ನು ಕೂರಿಸಿದ ಬೋರ್ಡಿಗೆ ಬಾರದು. ಹಾಗಾಗಿ ಕರ್ನಲ್ಲನ್ನು ಇನ್ನೂ ಹಿಂದಿನ ಎಆರ್‌ಎಂ ತಲೆಮಾರಿಗೆಂದು ಕಟ್ಟಬೇಕು. ಆ ತಲೆಮಾರನ್ನು ಜಿಸಿಸಿ ಕಂಪೈಲರ್ ಒಂಬತ್ತನೇ ಆವೃತ್ತಿಯಲ್ಲಿ ಬಿಟ್ಟುಬಿಟ್ಟಿತು. ಹೊಸ ಕರ್ನಲ್‌ಗೆ ಹಳೆಯ ಕಂಪೈಲರನ್ನೇ ಹುಡುಕಿ ತರುವ ಸ್ಥಿತಿ. ಸ್ಟ್ರಾಂಗ್‌ಆರ್ಮ್ ನಮಗೂ ನೆಂಟನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ ರೂಪಿಸಿದ ಸಿಂಪ್ಯೂಟರ್ ಲಿನಕ್ಸ್ ಓಡಿಸುತ್ತಿದ್ದುದು ಆ ವಂಶದ ಎಸ್‌ಎ-1110 ಚಿಪ್ಪಿನ ಮೇಲೆ. ಯಾರ ಮನೆಯ ಅಟ್ಟದಲ್ಲಾದರೂ ಒಂದು ಸಿಂಪ್ಯೂಟರ್ ಇದ್ದರೆ ಗುಜರಿಗೆ ಹಾಕುವ ಮುಂಚೆ ನನಗೊಂದು ಮಾತು ತಿಳಿಸಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಅಟ್ಟ ಸೇರಲು ಹೊಸ ತಲೆಮಾರೊಂದು ಸಾಲುಗಟ್ಟಿದೆ. ಅವುಗಳಲ್ಲಿ ಬಹುಪಾಲು 64 ಬಿಟ್ ಯಂತ್ರಗಳು. ನಾನು ಪಟ್ಟ ಪಾಡು ಅವಕ್ಕೆ ಬೇಕಿಲ್ಲ, ಸಿದ್ಧ ಲಿನಕ್ಸ್ ಹಾಗೆಯೇ ಕೂರುತ್ತದೆ. ನಿಜವಾಗಿಯೂ ಹಳೆಯದು ಸಿಕ್ಕವರು ಯಾವುದಾದರೂ ಹಳೆಯ ಲಿನಕ್ಸ್ ಸಿಡಿಯಿಂದ ಎಬ್ಬಿಸಿ, ಪ್ರಾಕ್ ಫೋಲ್ಡರಿನ ಸಿಪಿಯುಇನ್ಫೋ ಕಡತ ತೆರೆದು ‘ಫ್ಲ್ಯಾಗ್ಸ್’ ಎಂಬ ಸಾಲು ಓದಿ. ಸಿಮೂವ್ ಇದೆಯೇ, ಪಿಎಇ ಇದೆಯೇ, ಟಿಎಸ್‌ಸಿ, ಸಿಎಕ್ಸ್8 ಇವೆಯೇ ನೋಡಿ. ಇಲ್ಲದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಮೆನು ತೆರೆಯಿರಿ. ಓಡುತ್ತಿರುವ ಕರ್ನಲ್ಲನ್ನು ಮಾತ್ರ ಅಳಿಸಬೇಡಿ, ಹೊಸದನ್ನು ಅದರ ಪಕ್ಕಕ್ಕೇ ಇಡಿ. 386 ಇರುವವರಿಗೆ 3.7 ಕೊನೆಯದು. ಕರ್ನಲ್‌ನ ಹಳೆಯ ಆವೃತ್ತಿಗಳೆಲ್ಲ ಅದರ ಅಧಿಕೃತ ಭಂಡಾರದಲ್ಲಿ ಹಾಗೆಯೇ ಇವೆ, ಇಳಿಸಿಕೊಳ್ಳಲು ಕಾಸು ಕೊಡಬೇಕಿಲ್ಲ.